ಯಂತ್ರಕ್ಕೆ ಬೆರಳಾದವನು

ಆ ಕಂಪ್ಯೂಟರಿಗೆ ಲೋಕದ ವಿದ್ಯೆಯೆಲ್ಲ ಬರುತ್ತಿತ್ತು, ಬೆರಳು ಮಾತ್ರ ಇರಲಿಲ್ಲ. ಟಿವಿ ಕ್ವಿಜ್‌ನ ನಿಯಮವೋ ಕಟ್ಟುನಿಟ್ಟು: ಉತ್ತರ ಗೊತ್ತಿದ್ದವರು ಮೊದಲು ಗುಂಡಿ ಒತ್ತಬೇಕು, ಆಮೇಲೆ ಬಾಯಿ ತೆರೆಯಬೇಕು. ಅದಕ್ಕೆಂದೇ ಯಂತ್ರದವರು ಒಂದು ಕಬ್ಬಿಣದ ಬೆರಳು ಮಾಡಿಸಿ ತಂದಿದ್ದರು. ಶೂಟಿಂಗ್ ಶುರುವಾಗಲು ಹತ್ತು ನಿಮಿಷ ಇರುವಾಗ ಅದು ಗೆಣ್ಣಿನ ಹತ್ತಿರ ಮುರಿದು ಬಿತ್ತು.

"ನೀವೇ ಕೂತ್ಕೊಳ್ಳಿ, ಟಿವಿಯಲ್ಲಿ ನೀವು ಕಾಣದ ಹಾಗೆ ನೋಡ್ಕೊಳ್ತೀವಿ," ಎಂದರು ನಿರ್ದೇಶಕರು, ಸ್ಟುಡಿಯೋದ ಎಲೆಕ್ಟ್ರಿಷಿಯನ್‌ಗೆ. "ಯಂತ್ರಕ್ಕೆ ಉತ್ತರ ಹೊಳೆದ್ರೆ ಈ ಹಸಿರು ದೀಪ ಹತ್ತುತ್ತೆ. ತಕ್ಷಣ ಒತ್ತಿ. ಅಷ್ಟೇ."

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಎದುರು ಕುರ್ಚಿಯಲ್ಲಿ ಸ್ಪರ್ಧಿಯಾಗಿ ಕೂತಿದ್ದವಳು ಅವನ ಹೆಂಡತಿ.

ಅವಳು ಬಟ್ಟೆ ಹೊಲಿಯುವವಳು. ಅಳತೆಗೆ ಕಾಗದ ಕತ್ತರಿಸಲು ರದ್ದಿ ಪತ್ರಿಕೆ ತರುತ್ತಾಳೆ, ಕತ್ತರಿ ಹಾಕುವ ಮೊದಲು ಒಂದಕ್ಷರ ಬಿಡದೆ ಓದುತ್ತಾಳೆ. ಹಾಗೆ ಓದಿಯೇ ಪರೀಕ್ಷೆ ಬರೆದು ಆಯ್ಕೆಯಾಗಿದ್ದಳು. ನನ್ನ ತಲೆಯ ಮುಂದೆ ಆ ಡಬ್ಬಿ ಯಾವ ಲೆಕ್ಕ ಎಂದು ಬೀದಿಗೆಲ್ಲ ಡಂಗುರ ಸಾರಿ ಬಂದಿದ್ದಳು. ಗಂಡ ಯಂತ್ರದ ಪಕ್ಕ ಕೂತದ್ದು ಕಂಡದ್ದೇ ತಡ, ಎದ್ದು ಬಂದಳು.

"ನನ್ನ ತಲೆಯಿಂದ ಗೆಲ್ಲೋಕೆ ಬಂದಿದ್ದೀನಿ. ಅಯ್ಯೋ ಪಾಪ ಅಂತ ನೀವು ಬೆರಳು ನಿಧಾನ ಮಾಡಿದ್ರೋ, ಮನೆಗೆ ಬರಬೇಡಿ."

ಅತ್ತ ದರಿ, ಇತ್ತ ಪುಲಿ. ಬೇಗ ಒತ್ತಿದರೆ ಅವಳ ಮರ್ಯಾದೆ ಹೋಗುತ್ತದೆ, ತಡ ಮಾಡಿದರೆ ಇವನ ಮನೆ ಹೋಗುತ್ತದೆ. ಪ್ರಾಮಾಣಿಕವಾಗಿ ಒತ್ತುವುದೇ ಸರಿ ಎಂದು ನಿರ್ಧರಿಸಿದ.

ನಿರೂಪಕ ಕೇಳಿದ: "ಆಕ್ಟೋಪಸ್‌ಗೆ ಎಷ್ಟು ಹೃದಯ?"

ಹಸಿರು ದೀಪ ಹತ್ತಿತು. ಎಲೆಕ್ಟ್ರಿಷಿಯನ್ ಗುಂಡಿಯ ಮೇಲೆ ಬೆರಳಿಟ್ಟು, "ಕೈ ತೆಗೀರಿ!" ಎಂದು ಕೂಗಿದ.

ಕ್ಯಾಮೆರಾದವರು ಬೆಚ್ಚಿ ಎರಡೂ ಕೈ ಮೇಲೆತ್ತಿದರು. ನಿರೂಪಕನ ಕೈಯಿಂದ ಪ್ರಶ್ನೆಯ ಚೀಟಿಗಳು ಉದುರಿದವು. ಯಾರಾದರೂ "ಸರಿ" ಎನ್ನಲಿ ಎಂದು ಇವನು ಕಾಯುತ್ತಿದ್ದಾಗಲೇ ಹೆಂಡತಿ ಗುಂಡಿ ಒತ್ತಿ "ಮೂರು" ಎಂದಿದ್ದಳು.

ಅದು ಅವನ ಹಳೆಯ ಅಭ್ಯಾಸ. ಹಿಂದೊಮ್ಮೆ ಜೊತೆಗಾರ ತಂತಿ ಹಿಡಿದಿರುವಾಗಲೇ ಇವನು ಸ್ವಿಚ್ ಹಾಕಿಬಿಟ್ಟಿದ್ದ. ಪುಣ್ಯಕ್ಕೆ ಆ ಮನುಷ್ಯ ಏಣಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡದ್ದಷ್ಟೇ. ಅಂದಿನಿಂದ ಮನೆಯ ಫ್ಯಾನ್ ಹಾಕುವಾಗಲೂ ಇವನು ಕೂಗಬೇಕು, ಯಾರಾದರೂ "ಸರಿ" ಎನ್ನಬೇಕು, ಆಮೇಲೆ ಗಾಳಿ. ಹುಟ್ಟುಗುಣವಾದರೂ ಸುಟ್ಟರೆ ಹೋದೀತು, ಹೆದರಿ ಕಲಿತದ್ದು ಹೋಗುವುದಿಲ್ಲ.

ಐದು ಪ್ರಶ್ನೆ ಕಳೆಯಿತು, ಐದು ಸಲ ಕೂಗು ಕೇಳಿತು. ಅವಳಿಗೆ ಐದು, ಯಂತ್ರಕ್ಕೆ ಸೊನ್ನೆ. ನಿರ್ದೇಶಕರಿಗೆ ಪಿತ್ತ ನೆತ್ತಿಗೇರಿ ಶೂಟಿಂಗ್ ನಿಲ್ಲಿಸಿದರು. ಅವರಿಗಿಂತ ಮೊದಲು ಹೆಂಡತಿಯೇ ಧಾವಿಸಿ ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಇದು ಗೆಲುವೇನ್ರಿ? ಎಲ್ಲರೆದುರು ನನಗೆ ಭಿಕ್ಷೆ ಹಾಕ್ತಿದ್ದೀರಾ?"

"ನಿನ್ನಾಣೆ, ಬೇಕಂತ ಅಲ್ಲ ಕಣೆ. 'ಸರಿ' ಕೇಳದೆ ಕೈ ಮುಂದೆ ಹೋಗಲ್ಲ."

ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ದಿನಾ "ಸರಿ" ಎನ್ನುವವಳು ಅವಳೇ. ಮೂಗು ಒರೆಸಿಕೊಂಡು ಹೇಳಿದಳು: "ಹಾಗಾದ್ರೆ ಕೇಳಿ. ಯಾರ ಕೈಯೂ ತಂತಿ ಮೇಲಿಲ್ಲ. ಇವತ್ತಿನದಕ್ಕೆಲ್ಲ ಸೇರಿಸಿ ಈಗಲೇ ಹೇಳ್ತಿದ್ದೀನಿ. ಸರಿ, ಸರಿ, ಸರಿ! ಒತ್ತಿ."

ಅಪ್ಪಣೆ ಸಿಕ್ಕಿತು. ಆಮೇಲೆ ಯಂತ್ರವನ್ನು ಹಿಡಿಯುವವರೇ ಇಲ್ಲ. ಅವಳೂ ಬಿಡಲಿಲ್ಲ, ಹಲ್ಲು ಕಚ್ಚಿ ಆಡಿದಳು. ಕೊನೆಯ ಪ್ರಶ್ನೆಗೆ ಬರುವಾಗ ಇಬ್ಬರೂ ಸಮ.

"ಮನುಷ್ಯನ ದೇಹದ ಅತಿ ಚಿಕ್ಕ ಮೂಳೆ ಎಲ್ಲಿದೆ?"

ಎಲೆಕ್ಟ್ರಿಷಿಯನ್ ಹೆಂಡತಿಯ ಮುಖ ನೋಡಿದ. ಹಲ್ಲಿನಿಂದ ದಾರ ಕಡಿಯುವ ಮುಂಚೆ ಮಾಡುವಂತೆ ಅವಳು ತುಟಿಯನ್ನು ಒಂದು ಕಡೆಗೆಳೆದಿದ್ದಳು. ಅವಳಿಗೆ ಗೊತ್ತಿದೆ! ಅವಳೇ ಗೆಲ್ಲಲಿ ಎಂದು ಅವನ ಜೀವವೆಲ್ಲ ಹಂಬಲಿಸಿತು. ಹಸಿರು ದೀಪ ಹತ್ತಿತು. ಅವನು ಒತ್ತಿದ.

"ಕಿವಿಯಲ್ಲಿ," ಎಂದಿತು ಯಂತ್ರ.

ಮುಸ್ಸಂಜೆಯ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು.

"ಆ ಉತ್ತರ ನನಗೂ ಗೊತ್ತಿತ್ತು," ಎಂದಳು ಅವಳು.

"ಗೊತ್ತು. ನಿನ್ನ ಮುಖ ನೋಡಿದೆ."

"ನನ್ನ ಮುಖ ನೋಡಿದ ಮೇಲೂ ಒತ್ತಿದ್ರಾ?"

"ನೀನೇ ತಾನೇ ಹೇಳಿದ್ದು!"

ಅವಳು ಅವನ ಕಿವಿಯತ್ತ ಬಾಗಿ ಪಿಸುಗುಟ್ಟಿದಳು: "ಯಂತ್ರಕ್ಕೆ ಸೋತೆ ಅಂದ್ರೆ ಬೀದೀಲಿ ಹೇಗೋ ತಲೆಯೆತ್ತಿ ಓಡಾಡಬಹುದು. ಗಂಡನ ಬೆರಳಿಗೆ ಸೋತೆ ಅಂದ್ರೆ ಆ ಹೆಂಗಸರು ನನ್ನ ಬಿಡ್ತಾರಾ? ಯಾರ ಹತ್ರನಾದ್ರೂ ಬಾಯಿ ಬಿಟ್ಟೀರಿ, ಜೋಕೆ."

ಅವನು ತಲೆಯಾಡಿಸಿದ. ಮದುವೆಯಾದಂದಿನಿಂದ ಅವಳೆದುರು ಗೆದ್ದದ್ದು ಇದೇ ಮೊದಲು, ಅದನ್ನೂ ಹೇಳಿಕೊಳ್ಳುವ ಹಾಗಿಲ್ಲ. ಕಿಟಕಿಯ ಕಡೆ ತಿರುಗಿ, ಅವಳಿಗೆ ಕಾಣದ ಹಾಗೆ ನಕ್ಕ.

"ಗಾಜಿನಲ್ಲಿ ಕಾಣ್ತಿದೆ," ಎಂದಳು ಅವಳು.