ಕೂಸಿನ ಬೆವರೇಕೆ ಅಷ್ಟು ಉಪ್ಪು?

ಹುಟ್ಟಿ ಐದು ವಾರವಾದರೂ ಇಸ್ತ್ರಿ ಅಂಗಡಿಯವರ ಹೆಣ್ಣುಕೂಸು ಮೈ ಹಿಡಿದಿರಲಿಲ್ಲ. ಎಷ್ಟು ಕುಡಿದರೂ ಹಸಿವು. ಮಲದಲ್ಲಿ ಎಣ್ಣೆಯ ಜಿಡ್ಡು. ಮನೆಯವರೆಲ್ಲ ಬೆರಳು ತೋರಿಸಿದ್ದು ಬಾಣಂತಿಯ ಕಡೆಗೆ.

"ಇವಳ ಹಾಲಲ್ಲಿ ಸತ್ವವೇ ಇಲ್ಲ ಸಿಸ್ಟರ್," ಎಂದರು ಅತ್ತೆ, ನಾನು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ.

ನಾನು ನರ್ಸ್. ಸಿಟ್ಟು ನುಂಗಿ ನುಂಗಿ ಅಭ್ಯಾಸವಾಗಿದೆ. ಅವತ್ತು ಮಾತ್ರ ಆಗಲಿಲ್ಲ.

"ಹಾಲನ್ನ ಬೈಬೇಡಿ ಅಮ್ಮ. ಹುಟ್ಟಿದಾಗ ಹಿಮ್ಮಡಿಯಿಂದ ರಕ್ತ ತಗೊಂಡ್ವಲ್ಲ, ಅದರಲ್ಲಿ ಅನುಮಾನ ಬಂದಿದೆ. ಬೆವರು ಪರೀಕ್ಷೆಗೆ ಬನ್ನಿ ಅಂತ ಮೂರು ಸಲ ಫೋನ್ ಮಾಡಿದ್ವಿ. ಯಾಕೆ ಬರ್ಲಿಲ್ಲ?"

ಕೂಸಿನ ಅಪ್ಪ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. "ಇಷ್ಟು ಚಿಕ್ಕ ಕೂಸಿಗೆ ಎಷ್ಟು ಪರೀಕ್ಷೆ? ನಮ್ಮ ಎರಡೂ ಕಡೆ ಯಾರಿಗೂ ಏನೂ ಇಲ್ಲ."

"ಮುತ್ತು ಕೊಟ್ರೆ ತುಟಿಯೆಲ್ಲ ಉಪ್ಪುಪ್ಪು ಆಗುತ್ತೆ ರೀ," ಎಂದಳು ಬಾಣಂತಿ ಮೆಲ್ಲಗೆ.

"ಈ ಸೆಖೇಲಿ ನನ್ನ ಬೆವರೂ ಉಪ್ಪೇ!" ಎಂದ ಅವನು.

"ಅಣ್ಣಾ," ಎಂದೆ ನಾನು, "ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ರೂ ಮಗೂಗೆ ಈ ಕಾಯಿಲೆ ಬರಬಹುದು. ಸಿಸ್ಟಿಕ್ ಫೈಬ್ರೋಸಿಸ್ ಅಂತಾರೆ. ಎದೇಲಿ ಕಫ ಅಂಟಾಗುತ್ತೆ, ಕುಡಿದದ್ದು ಮೈಗೆ ಹತ್ತಲ್ಲ, ಬೆವರಲ್ಲಿ ಉಪ್ಪು ಸೋರಿ ಹೋಗುತ್ತೆ. ಇದ್ರೂ ಇರಬಹುದು, ಇಲ್ದೇನೂ ಇರಬಹುದು. ಬೆವರು ಪರೀಕ್ಷೆಗೆ ಸೂಜೀನೂ ಚುಚ್ಚಲ್ಲ."

"ಮುಂದಿನ ತಿಂಗಳು ನೋಡೋಣ."

ಬಾಣಂತಿಗೆ ಎಲ್ಲಿಂದ ಬಂತೋ ಆ ದನಿ! "ಹೊಸ ಥರದ ಬಟ್ಟೆ ಬಂದ್ರೆ ಒಳಮಡಿಕೇಲಿ ಒಂದು ಸಲ ಒತ್ತಿ ನೋಡ್ದೆ ನೀವು ಇಸ್ತ್ರಿ ಹಾಕಲ್ಲ. ಯಾರದೋ ಅಂಗಿ ಹಾಳಾಗಬಾರದು, ನಮ್ಮ ಮಗಳು ಸೊರಗಿದ್ರೆ ಪರವಾಗಿಲ್ವಾ? ಐದು ವಾರದಿಂದ ಬೈಸಿಕೊಂಡೆ, ಸಾಕು. ನಾನು ಹೊರಟೆ. ಬರೋದಾದ್ರೆ ಬನ್ನಿ."

ಅವನು ಪೆಟ್ಟಿಗೆ ಆರಿಸಿ, ಅಂಗಡಿ ಬಾಗಿಲೆಳೆದು ಹೆಂಡತಿಯ ಹಿಂದೆ ನಡೆದ.

ಬೆವರು ಪರೀಕ್ಷೆಯಲ್ಲಿ ಕಾಯಿಲೆ ಇರುವುದು ಖಚಿತವಾಯಿತು. ಈಗ ಹಾಲಿನ ಜೊತೆ ಜೀರ್ಣಕ್ಕೆ ಔಷಧಿ, ಬೆವರಲ್ಲಿ ಸೋರಿದ್ದನ್ನು ತುಂಬಲು ವೈದ್ಯರು ಹೇಳಿದಷ್ಟೇ ಉಪ್ಪು, ದಿನವೂ ಎದೆಯ ಕಫ ಸಡಿಲಿಸುವ ವ್ಯಾಯಾಮ. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಆದರೂ ಕೂಸು ಮೈ ತುಂಬಿಕೊಳ್ಳುತ್ತಿದೆ. "ನಿನ್ನ ಹಾಲಿನ ತಪ್ಪಲ್ಲ ಕಣಮ್ಮ," ಎಂದು ಅತ್ತೆ ನನ್ನೆದುರಿಗೇ ಸೊಸೆಗೆ ಹೇಳಿದರು. ಅಷ್ಟಾದರೂ ಹೇಳಿದರಲ್ಲ!

ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದೆಯೇ? ಹಿಮ್ಮಡಿಯ ರಕ್ತ ಪರೀಕ್ಷೆ ಆಯಿತೇ ಎಂದು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ. ಮತ್ತೆ ಕರೆದರೆ ತಡಮಾಡದೆ ಹೋಗಿ. ತಾಯಿಯನ್ನು ಬೈಯಲು ನಿಮಗೆ ಪುರುಸೊತ್ತಿದೆ ಎಂದಾದರೆ, ಆಸ್ಪತ್ರೆಗೆ ಹೋಗಲೂ ಇದೆ.