ಮೂರನೆಯ ಕ್ಯೂಬ್

"ಇದೇನಾ ಮೇಡಂ, ನಮ್ಮಬ್ಬಾ ಬರೆದಿದ್ದು?"

ತೊಟ್ಟಿಯ ನೀರಿನಿಂದ ಆಗಷ್ಟೇ ತೆಗೆದಿಟ್ಟ ಮೂರು ಕಾಂಕ್ರೀಟ್ ಕ್ಯೂಬ್‌ಗಳ ಮುಂದೆ ರೂಹಿ ಬಾಗಿದಳು. ಪ್ರತಿಯೊಂದರ ಮೇಲೂ ಮೊಳೆಯಿಂದ ಗೀರಿದ ತಾರೀಕು, ಮೂಲೆಯಲ್ಲಿ 'ಲ'. ಶಿವಮೊಗ್ಗದ ಈ ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಅವಳ ತಂದೆ ಲತೀಫ್, ಎದುರಿಗೆ ನಿಂತಿದ್ದ ಕವನಾಳ ಸಂಶೋಧನೆಗೆಂದು ಇವನ್ನು ಎರಕ ಹೊಯ್ದಿದ್ದರು. ಅರ್ಧ ಸಿಮೆಂಟು, ಉಳಿದರ್ಧ, ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟದ ಪುಡಿ. ಕಿಟ್ಟ ಸೇರಿದ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುತ್ತದೆ. ಅದರ ಪೂರ್ತಿ ಬಲ ತಿಳಿಯಲು ತೊಂಬತ್ತು ದಿನ ಕಾದು, ಯಂತ್ರದಲ್ಲಿ ಒತ್ತಿ ಒಡೆದು ನೋಡಬೇಕು. ಐವತ್ತೆರಡನೆಯ ದಿನ ಹೃದಯಾಘಾತವಾಗಿ ಲತೀಫ್ ತೀರಿಕೊಂಡರು. ಇವತ್ತಿಗೆ ತೊಂಬತ್ತು.

"ಅಬ್ಬಾ ಹೋದ್ಮೇಲೆ ಅಮ್ಮಿ ಇದ್ದತ್ ಕೂತಿದ್ದಾರೆ, ನಾಲ್ಕು ತಿಂಗಳು ಮನೆ ಬಿಟ್ಟು ಬರೋ ಹಾಗಿಲ್ಲ. ಒಂದು ತಗೊಂಡು ಬಾ ಅಂತ ಕಳ್ಸಿದ್ರು. ಮನೇಲಿ ಅಬ್ಬಾ ಕೈಯಾರೆ ಬರೆದಿದ್ದು ಒಂದಕ್ಷರಾನೂ ಇಲ್ಲ."

"ಫೋಟೋ ತೆಗ್ದು ಕೊಡ್ಲಾ?"

"ಅಮ್ಮಿಗೆ ಬೆರಳಲ್ಲಿ ಮುಟ್ಟಿ ನೋಡ್ಬೇಕಂತೆ."

ಕವನಾ ಒಂದು ಕ್ಯೂಬನ್ನು ಒರೆಸಿ ಅವಳತ್ತ ಸರಿಸಿದಳು. "ತಗೊಂಡ್ಹೋಗು. ಎಂಟು ಕೆಜಿ ಇದೆ, ಹುಷಾರು."

"ಬಸ್ಸಲ್ಲಿ ತೊಡೆ ಮೇಲೆ ಇಟ್ಕೋತೀನಿ. ಆದ್ರೆ ನಿಮ್ದು ಎರಡರಲ್ಲೇ ಮುಗಿಯುತ್ತಾ?"

ಕವನಾ ಉಳಿದೆರಡು ಕ್ಯೂಬ್‌ಗಳನ್ನು ಒರೆಸತೊಡಗಿದಳು. ಮೂರರ ಸರಾಸರಿ ಇಲ್ಲದೆ ಫಲಿತಾಂಶವನ್ನು ಯಾರೂ ಒಪ್ಪುವುದಿಲ್ಲ. ಮತ್ತೆ ಎರಕ ಹೊಯ್ಯಲು ಆ ಪುಡಿಯೂ ಉಳಿದಿರಲಿಲ್ಲ.

"ಮುಗಿಯಲ್ಲ, ಗೊತ್ತು ಬಿಡಿ." ರೂಹಿ ನಕ್ಕಳು. "ದೋಸೆ ಹದ ಬಂದಿದ್ಯಾ ಅಂತ ಕೇಳಿದ್ರೂ ಅಬ್ಬಾ, ಮೂರು ಹಾಕು, ಆಮೇಲೆ ಹೇಳ್ತೀನಿ ಅನ್ನೋರು. ಒಂದನ್ನ ನಂಬಂಗಿಲ್ಲ, ಎರಡಿದ್ರೆ ಜಗಳ ಆಡ್ತವೆ ಅಂತ." ನಗು ಅಲ್ಲಿಗೇ ನಿಂತಿತು. "ಒಡೀರಿ ಮೇಡಂ."

ಮೊದಲೆರಡು ಒಡೆದವು. ಮೂರನೆಯದನ್ನು ಕವನಾ ಯಂತ್ರದೊಳಗೆ ಕೂರಿಸಿದಳು. ಎರಕ ಹೊಯ್ದಾಗ ಮೇಲಿದ್ದ ಮುಖ ಪಕ್ಕಕ್ಕೆ ಬರಬೇಕೆಂಬುದು ನಿಯಮ. ಬರಹ ಇಬ್ಬರಿಗೂ ಎದುರಾಗಿ ನಿಂತಿತು. ಒತ್ತಡ ತೋರಿಸುವ ಮುಳ್ಳು ಏರಿತು, ಮೊದಲೆರಡು ಸೋತ ಅಂಕಿಯನ್ನೂ ದಾಟಿತು. ರೂಹಿ ಮುಳ್ಳನ್ನು ನೋಡುತ್ತಿರಲಿಲ್ಲ. 'ಲ'ದ ನಡುವೆ ಕೂದಲೆಳೆಯಂಥ ಬಿರುಕು ಮೂಡಿತು. ಆಮೇಲೆ ಸದ್ದು.

ಕವನಾ ಅಂಕಿ ಬರೆದುಕೊಳ್ಳುವಷ್ಟರಲ್ಲಿ ರೂಹಿ ನೆಲಕ್ಕೆ ಕೂತು ಮೂರೂ ಕ್ಯೂಬ್‌ಗಳ ಚೂರುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ಅಕ್ಷರವಾಗಲಿ ಅಂಕಿಯಾಗಲಿ ಇಡಿಯಾಗಿ ಉಳಿದಿರಲಿಲ್ಲ. ಸಿಕ್ಕಿದ್ದು, ದಿನಕ್ಕೂ ತಿಂಗಳಿಗೂ ನಡುವೆ ಎಳೆದ ಓರೆಗೆರೆಯ ತುಣುಕೊಂದು. ಅದರ ಒಡೆದ ಬದಿ ಹಸಿರು ಬೆರೆತ ನೀಲಿಯಾಗಿತ್ತು.

"ಒಳಗೆ ಎಷ್ಟು ಚೆಂದ ಇದೆ! ಅಬ್ಬಾ ಹೇಳೇ ಇರ್ಲಿಲ್ಲ ನೋಡಿ. ಅಮ್ಮಿಗೆ ಈ ಬಣ್ಣ ತೋರಿಸ್ತೀನಿ. ಇದ್ದತ್ ಮುಗಿಯೋವರೆಗೂ ದಿಂಬಿನ ಹತ್ರ ಇಟ್ಕೋತಾರೆ."

ಅದು ಕಿಟ್ಟ ಕೊಡುವ ಬಣ್ಣ. ಗಾಳಿ ತಗುಲಿದರೆ ಕೆಲವೇ ದಿನಗಳಲ್ಲಿ ಮಾಮೂಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೇಳಲೆಂದು ಕವನಾ ಬಾಯಿ ತೆರೆದಳು.

"ಭದ್ರಾವತಿ ಬಸ್ಸು ಎಷ್ಟೊತ್ತಿಗೆ?" ಎಂದಷ್ಟೇ ಕೇಳಿದಳು. ತುಣುಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಒಳಗಿದ್ದ ಗಾಳಿಯನ್ನೆಲ್ಲ ಅಂಗೈಯಿಂದ ಒತ್ತಿ ಒತ್ತಿ ಹೊರಹಾಕಿ, ಅದರ ಬಾಯನ್ನು ಬಿಗಿಯಾಗಿ ಕಟ್ಟಿದಳು.