ಬಿಸಿಲಿನ ಕಡೆಯ ಸೀಟು

ಅಮ್ಮನ ಮುಖದ ಬಲಭಾಗಕ್ಕೆ ಎಡಭಾಗಕ್ಕಿಂತ ಹತ್ತು ವರ್ಷ ಹೆಚ್ಚು ವಯಸ್ಸಾಗಿದೆ ಎಂದು ಮೊದಲು ಕಂಡುಹಿಡಿದದ್ದು ನಾನಲ್ಲ, ಅತುಲ್‌ನ ಫೋನು.

ಅತುಲ್ ಶಿವಮೊಗ್ಗದ ಗಾಂಧಿ ಬಜಾರಿನ ಸೀರೆ ಅಂಗಡಿಯ ಯಜಮಾನರ ಮಗ. ನಮ್ಮಮ್ಮ ಪುಷ್ಪಮ್ಮ ಇಪ್ಪತ್ತೊಂದು ವರ್ಷದಿಂದ ಆ ಅಂಗಡಿಯಲ್ಲಿ ರೇಷ್ಮೆ ಸೀರೆ ತೋರಿಸುತ್ತಾಳೆ. ತೋರಿಸುವುದೆಂದರೆ ಬರೀ ಬಿಚ್ಚಿ ಹಾಸುವುದಲ್ಲ. ಸೀರೆಯನ್ನು ತನ್ನ ಹೆಗಲ ಮೇಲೆ ಹೊದ್ದು, ನೆರಿಗೆ ಹಿಡಿದು, ಸೆರಗನ್ನು ತೋಳಿನ ಮೇಲೆ ಇಳಿಬಿಟ್ಟು ಒಂದು ಸುತ್ತು ತಿರುಗುತ್ತಾಳೆ. ಅಷ್ಟಕ್ಕೇ ಎಷ್ಟೋ ಜನ ಅದನ್ನೇ ಪ್ಯಾಕ್ ಮಾಡಿ ಎನ್ನುತ್ತಾರೆ. ಹೊಳಲೂರಿನಿಂದ ಮದುವೆ ಜವಳಿಗೆ ಬರುವವರು ಪುಷ್ಪಕ್ಕ ಇದ್ದಾರಾ ಎಂದು ಕೇಳಿಕೊಂಡೇ ಒಳಗೆ ಬರುತ್ತಾರೆ. ಮನೆಯಲ್ಲಿ ನಾಲ್ಕು ಮಾತಾಡದ ಅಮ್ಮ ಆ ಕೌಂಟರಿನಲ್ಲಿ ನಿಂತರೆ ಬೇರೆಯೇ ಹೆಂಗಸು.

ಈ ಸಲ ದೀಪಾವಳಿಗೆ ಫೋನಿನಲ್ಲಿ ಲೈವ್ ತೋರಿಸಿ ಸೀರೆ ಮಾರಬೇಕೆಂದು ಅತುಲ್ ಹೊರಟ. ಟ್ರಯಲ್‌ಗೆ ಅಮ್ಮನನ್ನೇ ಬಿಳಿ ಲೈಟುಗಳ ಮುಂದೆ ನಿಲ್ಲಿಸಿದ. ಆಮೇಲೆ ವಿಡಿಯೊ ನೋಡಿ, ಇನ್ನೂ ಒಂದು ತಿಂಗಳು ಟೈಮಿದೆ, ಮುಖಕ್ಕೆ ಏನಾದರೂ ಮಾಡಿಕೊಳ್ಳಿ, ಆಗದಿದ್ದರೆ ಮೇಲೆ ಗೋಡೌನಿನಲ್ಲಿ ಸೀರೆ ಮಡಚುವ ಕೆಲಸ ಇದ್ದೇ ಇದೆ ಎಂದನಂತೆ. ಸಂಬಳ ಕಡಿಮೆ ಮಾಡುವುದಿಲ್ಲ ಎಂದೂ ಸೇರಿಸಿದನಂತೆ. ಅಮ್ಮನಿಗೆ ಹೆಚ್ಚು ಚುಚ್ಚಿದ್ದು ಆ ಕೊನೆಯ ಮಾತು.

ಭದ್ರಾವತಿಯ ಮನೆಗೆ ಬಂದವಳೇ ಆ ವಿಡಿಯೊ ನನಗೆ ತೋರಿಸಿದಳು. ಬಲಗಣ್ಣಿನ ಮೂಲೆಯಿಂದ ಕಿವಿಯವರೆಗೆ ಗೆರೆಗಳು. ಬಲಗೆನ್ನೆ ಜೋತುಬಿದ್ದಿದೆ, ಅದರ ಮೇಲೆ ಕಂದು ಮಚ್ಚೆಗಳು. ಎಡಗೆನ್ನೆಯಲ್ಲಿ ಅದ್ಯಾವುದೂ ಇಲ್ಲ. ದಿನಾ ನೋಡುವ ಮುಖ, ನನಗೆ ಒಂದು ದಿನವೂ ಕಂಡಿರಲಿಲ್ಲ.

"ಲಿಖಿ, ನೀನು ಫೋನಲ್ಲಿ ಅದೇನೇನೋ ನೋಡ್ತಿರ್ತೀಯಲ್ಲ. ಇದಕ್ಕೆ ಏನಾದ್ರೂ ಇದೆಯೇನೇ?"

ನನಗೆ ಬೇಕಾಗಿದ್ದದ್ದು ಅಷ್ಟೇ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನಾನು ಚರ್ಮದ ವಿಡಿಯೊಗಳನ್ನೇ ಊಟ ಮಾಡುತ್ತಿದ್ದೆ. ಚರ್ಮದ ಒಳಗೆ ಕೊಲಾಜನ್ ಅಂತ ಇರುತ್ತದೆ, ವಯಸ್ಸಾದಂತೆ ಹಳೇ ಹಾಸಿಗೆಯ ಹತ್ತಿಯ ಹಾಗೆ ಕುಗ್ಗುತ್ತದೆ, ಮೇಲಿನ ಬಟ್ಟೆ ಸುಕ್ಕಾಗುತ್ತದೆ ಎಂದೆಲ್ಲ ಒಂದು ಗಂಟೆ ಕೊರೆದೆ. ಅಮ್ಮ ಪರೀಕ್ಷೆಗೆ ಕೂರುವವಳ ಹಾಗೆ ಕೇಳಿಸಿಕೊಂಡಳು. ರಾತ್ರಿ ಹಚ್ಚಲು ಸುಕ್ಕಿನ ಮುಲಾಮು, ವಾರಕ್ಕೊಮ್ಮೆ ಮೇಲಿನ ಚರ್ಮ ಸುಲಿಯುವ ಆಸಿಡ್, ಬೆಳಗ್ಗೆ ಸನ್‌ಸ್ಕ್ರೀನ್. ಮುಲಾಮಿಗೆ ಡಾಕ್ಟರ ಚೀಟಿ ಬೇಕಿತ್ತು. ಮೆಡಿಕಲ್‌ನವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟರ ಮೇಲೆ ನನ್ನದೇ ಬುದ್ಧಿ ಒಂದು ಓಡಿತು. ಬಲಗೆನ್ನೆ ಬೇಗ ಎಡಗೆನ್ನೆಯ ಸಮ ಆಗಬೇಕಲ್ಲ, ಅದಕ್ಕೆ ಬಲಗಡೆ ಎರಡರಷ್ಟು ಹಚ್ಚಿಸಿದೆ.

ಎರಡನೇ ವಾರಕ್ಕೆ ಬಲಗೆನ್ನೆ ಕೆಂಪಾಯಿತು, ಆಮೇಲೆ ಪೊರೆಪೊರೆಯಾಗಿ ಏಳತೊಡಗಿತು. ಉರಿ ಎಂದಳು. ಹಳೇ ಚರ್ಮ ಹೋಗುವಾಗ ಹಾಗೇ ಆಗುತ್ತದೆ, ನಿಲ್ಲಿಸಬಾರದು ಎಂದೆ. ವಿಡಿಯೊದಲ್ಲಿ ಹಾಗೇ ಹೇಳಿದ್ದರು. ಅಮ್ಮ ಹಲ್ಲುಕಚ್ಚಿ ಇನ್ನೊಂದು ವಾರ ಹಚ್ಚಿದಳು. ಒಂದು ಬೆಳಗ್ಗೆ ಮುಖಕ್ಕೆ ನೀರು ತಾಗಿಸಲಾಗದೆ ಬಚ್ಚಲಲ್ಲೇ ಕೂತುಬಿಟ್ಟಳು.

ವಿದ್ಯಾನಗರದ ಚರ್ಮದ ಡಾಕ್ಟರ್ ಶಾಮಲಾ ಅವರ ಹತ್ತಿರ ಕರೆದುಕೊಂಡು ಹೋಗಿ, ಹಚ್ಚಿಸಿದ್ದನ್ನೆಲ್ಲ ಹೇಳಿದೆ. ಅವರು ಚೀಟಿ ಬರೆಯುವ ಹಾಳೆಯನ್ನು ಅಮ್ಮನ ಮೂಗಿನ ನೇರಕ್ಕೆ ಹಿಡಿದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮುಚ್ಚಿ ನೋಡಿದರು.

"ದಿನಾ ಬಸ್ಸಲ್ಲಿ ಓಡಾಡ್ತೀರಾ?"

"ಹೂಂ ಮೇಡಂ, ಭದ್ರಾವತಿಯಿಂದ."

"ಯಾವ ಕಡೆ ಕೂತ್ಕೋತೀರಿ?"

"ಡ್ರೈವರ್ ಹಿಂದಿನ ಸೀಟು. ಕಿಟಕಿ ಪಕ್ಕ."

ಬೆಳಗ್ಗೆ ಶಿವಮೊಗ್ಗದ ಕಡೆ ಬರುವಾಗಲೂ ಬಿಸಿಲು ಬಲಗಡೆ, ಸಂಜೆ ವಾಪಸು ಹೋಗುವಾಗಲೂ ಬಲಗಡೆಯೇ ಎಂದು ಡಾಕ್ಟರ್ ಬೆರಳಲ್ಲಿ ದಾರಿ ಎಳೆದು ತೋರಿಸಿದರು. ಗಾಜು ಮುಚ್ಚಿದ್ದರೂ ಸುಕ್ಕು ತರುವ ಕಿರಣ ಒಳಗೆ ಬರುತ್ತದಂತೆ. ವಯಸ್ಸು ಎರಡೂ ಕೆನ್ನೆಗೆ ಒಂದೇ, ಉಳಿದದ್ದು ಇಷ್ಟು ವರ್ಷದ ಬಿಸಿಲಿನ ಕೆಲಸ ಎಂದರು.

ಆ ಸೀಟೇ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನೇ ಹೇಳಬೇಕಾಗುತ್ತಿತ್ತು. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ನಾನು ಓದಿದ್ದು ಶಿವಮೊಗ್ಗದಲ್ಲಿ. ಬೆಳಗ್ಗೆ ಅಮ್ಮನ ಜೊತೆ ಬಂದು, ಸ್ಕೂಲು ಬಿಟ್ಟ ಮೇಲೆ ಕೌಂಟರಿನ ಕೆಳಗೆ ಹೋಂವರ್ಕ್ ಮಾಡಿ, ಐದು ಗಂಟೆಗೆ ಅವಳ ಜೊತೆಗೇ ವಾಪಸು. ಹಿಂದೆ ಕೂತರೆ ನನಗೆ ವಾಂತಿ. ಎಡಗಡೆ ಬಾಗಿಲ ಹತ್ತಿರ ಜನ ಮೈಮೇಲೆ ಬೀಳುತ್ತಿದ್ದರು. ಉಳಿದದ್ದು ಡ್ರೈವರ್ ಹಿಂದಿನ ಸೀಟು. ಮೊದಲನೇ ದಿನವೇ, ಬಿಸಿಲು, ಕಪ್ಪಾಗ್ತೀನಿ ಎಂದು ನಾನು ಅತ್ತಿದ್ದೆ. ಅಮ್ಮ ಕಿಟಕಿಯ ಕಡೆ ಸರಿದು ಕೂತಳು. ನಾನು ಅವಳ ನೆರಳಿಗೆ ಒರಗಿ ನಿದ್ದೆ ಮಾಡಿದೆ. ನನ್ನ ಓದು ಮುಗಿದ ಮೇಲೂ ಅವಳು ಆ ಸೀಟು ಬಿಡಲಿಲ್ಲ.

"ಮಗಳು ಸನ್‌ಸ್ಕ್ರೀನ್ ಕೊಟ್ಟಿದ್ದಾಳಲ್ಲ, ಹಚ್ತಿದ್ರಾ?" ಎಂದರು ಡಾಕ್ಟರ್.

ಅಮ್ಮ ನನ್ನ ಮುಖ ನೋಡದೆ ಹೇಳಿದಳು. "ಎರಡು ದಿನ ಹಚ್ಚಿದ್ದೆ ಮೇಡಂ. ಒಂದು ಧಾರೆ ಸೀರೆ ಸೆರಗಿಗೆ ಹತ್ಬಿಡ್ತು. ಹೆಗಲ ಮೇಲೆ ಹೊದ್ದೇ ತೋರಿಸ್ಬೇಕಲ್ಲ, ಕಲೆ ಆದ್ರೆ ಯಾರು ತಗೋತಾರೆ? ಬಿಟ್ಬಿಟ್ಟೆ. ಇವಳಿಗೆ ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ಹೇಳಲಿಲ್ಲ."

ರಾತ್ರಿ ನಾನು ಚರ್ಮ ತೆಳ್ಳಗೆ ಮಾಡುತ್ತಿದ್ದೆ, ಹಗಲು ಬಿಸಿಲು ಅದನ್ನು ಸುಡುತ್ತಿತ್ತು. ಎಲ್ಲ ನಿಲ್ಲಿಸಿ, ಮೊದಲು ಈ ಗಾಯ ಮಾಗಲಿ, ಬಿಸಿಲಿಗೆ ಮುಖ ಕೊಡಲೇಬೇಡಿ, ಆರು ತಿಂಗಳ ಮೇಲೆ ನೋಡೋಣ, ಕೆಲವು ಗೆರೆ ಕಡಿಮೆಯಾಗಬಹುದು, ಎಲ್ಲವೂ ಹೋಗುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಹೇಳುವಾಗ ಅವರು ನೋಡುತ್ತಿದ್ದದ್ದು ನನ್ನನ್ನು.

ಲೈವ್‌ಗೆ ಐದು ದಿನ ಉಳಿದಿತ್ತು.

ಮಾರನೇ ದಿನ ಅಮ್ಮನ ಜೊತೆ ನಾನೂ ಅಂಗಡಿಗೆ ಹೋದೆ. ತಪ್ಪು ನನ್ನದು, ದೀಪಾವಳಿ ಕಳೆಯುವವರೆಗೆ ಕೌಂಟರಿನಿಂದ ತೆಗೆಯಬೇಡಿ, ಕ್ಯಾಮೆರಾಕ್ಕೆ ಎಡಗಡೆಯಷ್ಟೇ ಕಾಣುವ ಹಾಗೆ ನಿಲ್ಲಲಿ ಎಂದು ಬಸ್ಸಿನಲ್ಲಿ ಕಟ್ಟಿಕೊಂಡ ಮಾತನ್ನೆಲ್ಲ ಒಂದೇ ಉಸಿರಿಗೆ ಅತುಲ್ ಮುಂದೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ, ಲೈಟಿನ ಸ್ವಿಚ್ಚು ಹಾಕಿ ನನ್ನನ್ನು ಅದರ ಮುಂದೆ ನಿಲ್ಲಿಸಿದ.

"ಪುಷ್ಪಕ್ಕ, ಮನೇಲೇ ಇಂಥ ಮುಖ ಇಟ್ಕೊಂಡು ನನಗೆ ಹೇಳೇ ಇಲ್ವಲ್ಲ ನೀವು."

ನಾನು ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದೆ. ಅಮ್ಮ ಆಗಲೇ ಕಪಾಟಿನಿಂದ ಒಂದು ಹಸಿರು ಸೀರೆ ತೆಗೆದು ನನ್ನ ಹೆಗಲಿಗೆ ಹಾಕುತ್ತಿದ್ದಳು.

"ಒಪ್ಕೋ ಮಾರಾಯ್ತಿ. ಬೇರೆ ಯಾರೋ ಬಂದು ನಿಲ್ಲೋದಕ್ಕಿಂತ ನೀನೇ ವಾಸಿ."

ನಾಲ್ಕು ದಿನ ಅವಳೇ ಕಲಿಸಿದಳು. ನೆರಿಗೆ ಹೇಗೆ ಹಿಡಿಯಬೇಕು, ಜರಿಯನ್ನು ಬೆಳಕಿಗೆ ಹೇಗೆ ತಿರುಗಿಸಬೇಕು, ಯಾವ ಬಣ್ಣವನ್ನು ಯಾವುದಾದ ಮೇಲೆ ತೋರಿಸಬೇಕು. ಲೈವ್ ದಿನ ಅವಳು ಗೋಡೌನಿನ ಮೆಟ್ಟಿಲ ಮೇಲೆ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಕೂತು, ಬರಬೇಕಾದ ಸೀರೆಗಳನ್ನು ಒಂದೊಂದಾಗಿ ಮಡಚಿ ಕೊಡುತ್ತಿದ್ದಳು. ನಾನು ಅವಳ ಮಾತನ್ನೇ ಆಡುತ್ತಿದ್ದೆ, ಅವಳ ಹಾಗೇ ಒಂದು ಸುತ್ತು ತಿರುಗುತ್ತಿದ್ದೆ. ಮೂರನೇ ಸೀರೆಯ ಹೊತ್ತಿಗೆ ನನಗೆ ಖುಷಿಯಾಗತೊಡಗಿತ್ತು. ಅದನ್ನೂ ಹೇಳಿಬಿಡಬೇಕು.

ನೋಡುತ್ತಿದ್ದವರು ಬರೆದದ್ದನ್ನು ಅತುಲ್ ಗಟ್ಟಿಯಾಗಿ ಓದುತ್ತಿದ್ದ. "ಮೇಡಂ ನಿಮ್ಮ ಸ್ಕಿನ್ ಸೂಪರ್, ಮುಖಕ್ಕೆ ಏನು ಹಚ್ತೀರಾ ಅಂತ ಕೇಳ್ತಿದಾರೆ, ಹೇಳಿ." ಮೆಟ್ಟಿಲ ಮೇಲೆ ಅಮ್ಮ ಮುಂದಿನ ಸೀರೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ. ಏನೂ ಹಚ್ಚಲ್ಲ ಎಂದೆ. ಅದು ನಿಜವೇ ಆಗಿತ್ತು.

ಐದು ಗಂಟೆಯ ಬಸ್ಸು ಹತ್ತಿದೆವು. ಅಮ್ಮ ನೇರ ಹೋಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕಿಟಕಿಗೆ ಸರಿದು ಕೂತಳು. ಎಡಗಡೆ ಎರಡು ಸೀಟು ಖಾಲಿ ಇದ್ದವು.

"ಅಮ್ಮ, ಆ ಕಡೆ ಕೂರೋಣ ಬಾ. ಬಿಸಿಲು ಬೇಡ ಅಂದಿದಾರೆ ಡಾಕ್ಟ್ರು."

"ಗೋಡೌನಲ್ಲಿ ನನ್ನ ಮುಖ ಯಾರು ನೋಡ್ತಾರೆ?" ಎಂದು ಅವಳು ಸೆರಗು ತೆಗೆದು ಮಡಿಲಿಗೆ ಹಾಕಿಕೊಂಡಳು. ಸುಟ್ಟ ಕೆನ್ನೆಯ ಮೇಲೆ ಸಂಜೆಯ ಬಿಸಿಲು ಬಿತ್ತು. "ನೀನು ಇನ್ನೂ ಸ್ವಲ್ಪ ಈಚೆ ಸರ್ಕೋ. ನಿನ್ನ ಮೇಲೆ ಬೀಳ್ತಿದೆ."

ನಾನು ಸರಿದೆ.